ವಿಮಾನ ರೆಡಿ, ಎಂಜಿನ್ ಎಲ್ಲಿ? ಬೆಂಗಳೂರಲ್ಲಿ ಹುಟ್ಟಿದ ಜೆಟ್ ಫೈಟರ್ ಮಾರುತ್ ಕತೆ

ನಮ್ಮದೇ ಫೈಟರ್ ವಿಮಾನ ತೇಜಸ್ ಮಾರ್ಕ್-1ಎ ಲೇಟು, ಅಮೆರಿಕದಿಂದ ಎಂಜಿನ್ ಟೈಮಿಗೆ ಬಂದಿಲ್ಲ, ಅದನ್ನ ಕಟ್ಟೋ ಎಚ್‌ಎಎಲ್ ಕಾಯ್ತಾ ಕೂತಿದೆ. ಈ ಸುದ್ದಿ ಓದಿ ಓದಿ ಎಲ್ರಿಗೂ ಸಾಕಾಗಿದೆ. 2021ರ ಫೆಬ್ರವರಿಯಲ್ಲಿ 83 ವಿಮಾನಕ್ಕೆ ಆರ್ಡರ್ ಆಯ್ತು, 2024ರ ಮಾರ್ಚ್ ಹೊತ್ತಿಗೆ ಮೊದಲನೇದು ಏರ್‌ಫೋರ್ಸ್ ಕೈಗೆ ಸಿಗ್ಬೇಕಿತ್ತು, ಆದ್ರೆ ಆ ಆರ್ಡರಿನ ಮೊದಲ ಎಂಜಿನ್ನನ್ನ ಜಿಇ ಕಂಪನಿ ಕಳಿಸಿದ್ದೇ 2025ರ ಮಾರ್ಚಲ್ಲಿ. ಅತ್ತ ಮಿಗ್-21 ಕೂಡ 2025ರ ಸೆಪ್ಟೆಂಬರ್ 26ಕ್ಕೆ ರಿಟೈರ್ ಆಗೋಯ್ತು. ಹಂಗಾಗಿ ಜನ ಕೇಳೋ ಪ್ರಶ್ನೆ ಸಹಜವಾದದ್ದೇ: ಇಡೀ ವಿಮಾನ ನಾವೇ ಮಾಡ್ತೀವಂತೆ, ಎಂಜಿನ್ ಒಂದನ್ನ ಯಾಕ್ ಮಾಡಕ್ಕಾಗಲ್ಲ? ಇಲ್ಲ ಅಂದ್ರೆ ಇನ್ಯಾವುದಾದ್ರೂ ದೇಶದ್ದು ತಂದು ಹಾಕಿದ್ರೆ ಆಗಲ್ವಾ?

ಇದಕ್ಕೆ ಉತ್ತರ ಬೇಕಂದ್ರೆ ತೇಜಸ್‌ಗಿಂತ ನಲವತ್ತು ವರ್ಷ ಹಿಂದಕ್ಕೆ ಹೋಗೋದು ವಾಸಿ. ಅದೇ ಬೆಂಗಳೂರು, ಅದೇ ಎಚ್‌ಎಎಲ್, ಎಚ್‌ಎಫ್-24 ಮಾರುತ್ ಅನ್ನೋ ವಿಮಾನ. ಭಾರತದಲ್ಲೇ ಡಿಸೈನ್ ಆಗಿ ಹಾರಿದ ಮೊದಲ ಜೆಟ್ ಫೈಟರ್ ಅದು. ಶಬ್ದದ ಎರಡು ಪಟ್ಟು ವೇಗಕ್ಕೆ ಅಂತ ಹೊರಟಿದ್ದು, ಕೊನೆಗೆ ಒಂದು ಪಟ್ಟು ಮುಟ್ಟೋಕೂ ಏದುಸಿರು ಬಿಡ್ತಿತ್ತು. ದೇಹದಲ್ಲಿ ಅಂಥಾ ದೋಷ ಏನೂ ಇರ್ಲಿಲ್ಲ, ತೊಂದ್ರೆ ಇದ್ದಿದ್ದು ಹೊಟ್ಟೆಯೊಳಗೆ.

ಮೊದ್ಲು ಎಂಜಿನ್ ಅಂದ್ರೆ ಏನು ಅಂತ ನೋಡಣ

ಜೆಟ್ ಎಂಜಿನ್ ಅಂದ್ರೆ ಎರಡೂ ಕಡೆ ಬಾಯಿ ತೆರೆದಿರೋ ಒಂದು ಉದ್ದ ಕೊಳವೆ. ಮುಂದಿನಿಂದ ಗಾಳಿ ಒಳಗೆ ಬರುತ್ತೆ, ಸಾಲು ಸಾಲಾಗಿ ತಿರುಗೋ ಬ್ಲೇಡುಗಳು ಆ ಗಾಳೀನ ಒತ್ತಿ ಒತ್ತಿ ಸಣ್ಣ ಜಾಗಕ್ಕೆ ತುರುಕ್ತವೆ, ಇದು ಕಂಪ್ರೆಸರ್. ಆಮೇಲೆ ಸೀಮೆಎಣ್ಣೆ ಜಾತಿಯ ಇಂಧನವನ್ನ ಅದಕ್ಕೆ ಸಿಂಪಡಿಸಿ ಉರಿಸ್ತಾರೆ. ಕಾದು ಉಬ್ಬಿದ ಗಾಳಿ ಹಿಂದಿನ ಬಾಯಿಯಿಂದ ರಭಸವಾಗಿ ಹೊರಗೆ ನುಗ್ಗುತ್ತೆ, ಅದು ಹಿಂದಕ್ಕೆ ನುಗ್ಗಿದಷ್ಟೂ ವಿಮಾನ ಮುಂದಕ್ಕೆ ಹೋಗುತ್ತೆ. ಹೊರಗೆ ಹೋಗೋ ದಾರೀಲಿ ಆ ಬಿಸಿಗಾಳಿ ಇನ್ನೊಂದು ಚಕ್ರಾನ ತಿರುಗಿಸಿ ಹೋಗುತ್ತೆ, ಅದು ಟರ್ಬೈನ್. ಅದರ ಶಾಫ್ಟೇ ಮುಂದಿರೋ ಕಂಪ್ರೆಸರನ್ನ ತಿರುಗಿಸೋದು. ಅಂದ್ರೆ ಎಂಜಿನ್ ತನ್ನ ಉಸಿರನ್ನ ತಾನೇ ಎಳ್ಕೊಳ್ಳೋ ಹಾಗೆ ವ್ಯವಸ್ಥೆ.

ಕೇಳೋಕೆ ಸುಲಭ. ಆದ್ರೆ ಆ ಟರ್ಬೈನ್ ಬ್ಲೇಡ್ ಇದೆಯಲ್ಲ, ಬೆರಳುದ್ದದ ಲೋಹದ ತುಂಡು, ಅದು ಬೆಂಕಿಯ ನೇರ ಹಿಂದೆ ಇರುತ್ತೆ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗ್ತಾ ಇರುತ್ತೆ, ಆ ತಿರುಗೋ ರಭಸಕ್ಕೆ ಕಿತ್ಕೊಂಡು ಹೊರಗೆ ಹಾರೋಕೆ ನೋಡ್ತಾ ಇರುತ್ತೆ. ಈಗಿನ ಎಂಜಿನ್ನುಗಳಲ್ಲಂತೂ ಸುತ್ತ ಇರೋ ಗಾಳಿಯ ಬಿಸಿ ಆ ಲೋಹ ಕರಗೋ ಬಿಸಿಗಿಂತ ಜಾಸ್ತಿ. ಅದಕ್ಕೇ ಬ್ಲೇಡ್ ಒಳಗೆ ಕೂದಲೆಳೆ ಥರದ ದಾರಿ ಕೊರೆದು ತಣ್ಣನೆ ಗಾಳಿ ಹಾಯಿಸ್ತಾರೆ, ಇಡೀ ಬ್ಲೇಡನ್ನ ಒಂದೇ ಹರಳಾಗಿ ಎರಕ ಹೊಯ್ತಾರೆ. ಇದನ್ನ ಕೈ ಕೊಡದ ಹಾಗೆ, ಸಾವಿರಗಟ್ಟಲೆ ಗಂಟೆ ಬಾಳಿಕೆ ಬರೋ ಹಾಗೆ ಮಾಡೋಕೆ ಬರೋ ದೇಶಗಳು ಇವತ್ತಿಗೂ ಬೆರಳೆಣಿಕೆಯಷ್ಟೇ. ವಿಮಾನದ ಮೈ ಬಿಚ್ಚಿ ಅಳತೆ ತಗೊಂಡು ಕಾಪಿ ಹೊಡೀಬಹುದೇನೋ, ಆದ್ರೆ ಲೋಹಾನ ಯಾವ ಬಿಸಿಗೆ ಕಾಯಿಸಿ ಹೇಗೆ ಆರಿಸಿದ್ರು ಅನ್ನೋದು ಅಳತೆಗೆ ಸಿಗಲ್ಲ.

ಇನ್ನೊಂದು ಪದ ಗೊತ್ತಿರಬೇಕು, ಆಫ್ಟರ್‌ಬರ್ನರ್, ಬ್ರಿಟಿಷರು ಇದನ್ನೇ ರೀಹೀಟ್ ಅಂತಾರೆ. ಟರ್ಬೈನ್ ದಾಟಿ ಹೊರಗೆ ಹೋಗೋ ಗಾಳೀಲಿ ಇನ್ನೂ ಸಾಕಷ್ಟು ಆಮ್ಲಜನಕ ಉಳಿದಿರುತ್ತೆ, ಅದಕ್ಕೆ ಹಿಂದಿನ ಕೊಳವೇಲಿ ಮತ್ತೊಂದು ಸಲ ಇಂಧನ ಸುರಿದು ಉರಿಸಿದ್ರೆ ತಳ್ಳೋ ಬಲ ಒಂದೇಟಿಗೆ ಏರುತ್ತೆ. ಇಂಧನ ಮಾತ್ರ ನೀರಿನ ಥರ ಖರ್ಚಾಗುತ್ತೆ, ಅದಕ್ಕೇ ಟೇಕಾಫ್‌ಗೋ, ಶಬ್ದದ ವೇಗ ದಾಟೋಕೋ ಸ್ವಲ್ಪ ಹೊತ್ತು ಮಾತ್ರ ಬಳಸ್ತಾರೆ. ಮಾರುತ್ ಕತೇಲಿ ಈ ರೀಹೀಟ್ ಮತ್ತೆ ಮತ್ತೆ ಬರುತ್ತೆ, ಅಥವಾ ಬರದೇ ಕೈ ಕೊಡುತ್ತೆ ಅನ್ನಬೇಕು.

ಜರ್ಮನಿಯಿಂದ ಅರ್ಜೆಂಟೀನ, ಅಲ್ಲಿಂದ ಬೆಂಗಳೂರು

1950ರ ದಶಕದ ಮಧ್ಯದಲ್ಲಿ ನಮ್ಮ ಏರ್‌ಫೋರ್ಸ್ ಒಂದು ಪಟ್ಟಿ ಕೊಡ್ತು: ಮ್ಯಾಕ್ 2 ವೇಗ, 60,000 ಅಡಿ ಎತ್ತರ, 500 ಮೈಲಿ ದೂರ ಹೋಗಿ ಹೊಡೆದು ವಾಪಸ್ ಬರೋ ಶಕ್ತಿ, ಜೊತೆಗೆ ಒಂದಕ್ಕಿಂತ ಹೆಚ್ಚು ಥರದ ಕೆಲಸಕ್ಕೆ ಒದಗಬೇಕು. ಮ್ಯಾಕ್ 1 ಅಂದ್ರೆ ಶಬ್ದದ ವೇಗ, ನೆಲಮಟ್ಟದಲ್ಲಿ ಗಂಟೆಗೆ ಸುಮಾರು 1,225 ಕಿಲೋಮೀಟರ್, ಮೇಲೆ ಹೋದಂಗೆ ಗಾಳಿ ತಣ್ಣಗಾಗೋದ್ರಿಂದ ಅದು ಕಮ್ಮಿಯಾಗಿ 11 ಕಿಲೋಮೀಟರ್ ಎತ್ತರದಲ್ಲಿ 1,060ರ ಆಸುಪಾಸಿಗೆ ಬರುತ್ತೆ. ಮ್ಯಾಕ್ 2 ಅದರ ಎರಡು ಪಟ್ಟು. ಆಗ ಎಚ್‌ಎಎಲ್ ಸ್ವಂತವಾಗಿ ಡಿಸೈನ್ ಮಾಡಿ ಹಾರಿಸಿದ್ದ ದೊಡ್ಡ ಹೆಸರು ಅಂದ್ರೆ ಡಾ. ವಿ.ಎಂ. ಘಾಟಗೆ ಅವರ ತಂಡದ ಎಚ್‌ಟಿ-2, ಪೈಲಟ್‌ಗಳಿಗೆ ಹಾರೋದು ಕಲಿಸೋ, ಮುಂದೆ ಫ್ಯಾನ್ ತಿರುಗೋ ಪುಟ್ಟ ವಿಮಾನ, 1951ರಲ್ಲಿ ಹಾರಿದ್ದು. ಅಲ್ಲಿಂದ ನೇರ ಮ್ಯಾಕ್ 2ಗೆ ಹಾರಬೇಕಿತ್ತು. ಧೈರ್ಯ ಅನ್ನಿ, ಹುಚ್ಚು ಅನ್ನಿ.

ಅದಕ್ಕೆ ಕರೆಸಿದ್ದು ಪ್ರೊಫೆಸರ್ ಕುರ್ಟ್ ಟಾಂಕ್ ಅವರನ್ನ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಹೆಸರುವಾಸಿ ಫೋಕವುಲ್ಫ್-190 ಫೈಟರ್ ಡಿಸೈನ್ ಮಾಡಿದ ಮನುಷ್ಯ. ಯುದ್ಧ ಸೋತ ಮೇಲೆ ಜರ್ಮನಿಯಲ್ಲಿ ವಿಮಾನ ಕಟ್ಟೋ ಹಾಗಿರ್ಲಿಲ್ಲ, ತಂಡ ಕಟ್ಕೊಂಡು ಅರ್ಜೆಂಟೀನಕ್ಕೆ ಹೋದ್ರು, ಅಲ್ಲಿ ಅಧ್ಯಕ್ಷ ಪೆರೋನ್ ಬೆಂಬಲದಲ್ಲಿ ಕೊರ್ಡೋಬಾ ಊರಲ್ಲಿ ಪುಲ್ಕಿ-2 ಅಂತ ಜೆಟ್ ಫೈಟರ್ ಮಾಡಿದ್ರು. ಅದಕ್ಕೂ ಎಂಜಿನ್ ಬ್ರಿಟನ್ನಿನ ರೋಲ್ಸ್ ರಾಯ್ಸ್ ನೀನ್, ಇದನ್ನ ನೆನಪಲ್ಲಿಟ್ಕೊಳ್ಳಿ. 1955ರಲ್ಲಿ ಪೆರೋನ್ ಕುರ್ಚಿ ಹೋಯ್ತು, ಟಾಂಕ್ ಕೆಲಸಾನೂ ಹೋಯ್ತು. 1956ರಲ್ಲಿ ಅವರು ತಮ್ಮ ಜರ್ಮನ್ ಎಂಜಿನಿಯರುಗಳ ಜೊತೆ ಬೆಂಗಳೂರಿಗೆ ಬಂದಿಳಿದ್ರು.

ಮೈಕಟ್ಟು ಹೇಗಿತ್ತು

ಶಬ್ದದ ವೇಗದ ಹತ್ರ ಹೋದಾಗ ಗಾಳಿ ಬೇರೆ ಥರ ಆಡೋಕೆ ಶುರು ಮಾಡುತ್ತೆ. ನಿಧಾನಕ್ಕೆ ಹೋಗೋ ವಿಮಾನದ ಮುಂದಿನ ಗಾಳಿಗೆ ಏನೋ ಬರ್ತಾ ಇದೆ ಅನ್ನೋ ಸೂಚನೆ ಮೊದಲೇ ತಲುಪುತ್ತೆ, ಯಾಕಂದ್ರೆ ಒತ್ತಡದ ಅಲೆ ಶಬ್ದದ ವೇಗದಲ್ಲಿ ಮುಂದೆ ಹೋಗುತ್ತೆ. ವಿಮಾನವೇ ಆ ವೇಗಕ್ಕೆ ಬಂದ್ರೆ ಸೂಚನೆ ಮುಂದೆ ಹೋಗೋಕೆ ಟೈಮೇ ಇರಲ್ಲ, ಅಲೆಗಳೆಲ್ಲ ಒಂದರ ಮೇಲೊಂದು ಗುಡ್ಡೆ ಬಿದ್ದು ಅಡ್ಡಗೋಡೆ ಥರ ಆಗ್ತವೆ. ಎಳೆತ, ಅಂದ್ರೆ ಗಾಳಿ ಹಿಂದಕ್ಕೆ ಹಿಡಿಯೋ ಬಲ, ದಿಢೀರ್ ಅಂತ ಏರುತ್ತೆ. ಇದನ್ನ ದಾಟೋಕೆ ಎರಡು ದಾರಿ: ಮೈಯನ್ನ ನುಣುಪಾಗಿ ರೂಪಿಸೋದು, ಎಂಜಿನ್ನಿಂದ ಜೋರಾಗಿ ತಳ್ಳೋದು. ಎರಡೂ ಬೇಕು, ಒಂದಿದ್ರೆ ಸಾಲಲ್ಲ.

ಮೊದಲನೇ ವಿಷಯದಲ್ಲಿ ಟಾಂಕ್ ತಂಡ ನಿಜಕ್ಕೂ ಚೆನ್ನಾಗಿ ಕೆಲಸ ಮಾಡ್ತು. ರೆಕ್ಕೆಗಳು ಸುಮಾರು 45 ಡಿಗ್ರಿ ಹಿಂದಕ್ಕೆ ಬಾಗಿದ್ವು. ರೆಕ್ಕೆ ಸೇರೋ ಜಾಗದಲ್ಲಿ ಮೈಯನ್ನ ಸ್ವಲ್ಪ ಸಣ್ಣ ಮಾಡಿ ಸೊಂಟದ ಥರ ಕೊಟ್ಟಿದ್ರು. ಇದಕ್ಕೆ ಏರಿಯಾ ರೂಲ್ ಅಂತಾರೆ, ಅಮೆರಿಕದ ರಿಚರ್ಡ್ ವಿಟ್‌ಕಂಬ್ 1950ರ ದಶಕದ ಶುರುವಲ್ಲಿ ಕಂಡುಕೊಂಡಿದ್ದು. ಮೂತಿಯಿಂದ ಬಾಲದವರೆಗೆ ವಿಮಾನಾನ ಅಡ್ಡಡ್ಡ ಕೊಯ್ತಾ ಹೋದ್ರೆ ಆ ಬಿಲ್ಲೆಗಳ ವಿಸ್ತೀರ್ಣ ಎಲ್ಲೂ ಧಿಡೀರ್ ಹೆಚ್ಚು ಕಮ್ಮಿ ಆಗಬಾರದು, ರೆಕ್ಕೆ ಬಂದಲ್ಲಿ ವಿಸ್ತೀರ್ಣ ಏರುತ್ತಲ್ಲ, ಅಷ್ಟನ್ನ ಮೈಯಿಂದ ಕಳೀಬೇಕು. ಎರಡು ಎಂಜಿನ್‌ನ ಬಾಲದ ಒಳಗೆ ಅಕ್ಕಪಕ್ಕ ಮಲಗಿಸಿದ್ರು. ಇವತ್ತಿಗೂ ಮಾರುತ್ ಫೋಟೋ ನೋಡಿದ್ರೆ ನಿಂತಲ್ಲೇ ಓಡೋ ಥರ ಕಾಣುತ್ತೆ, ನನ್ನ ಮಟ್ಟಿಗೆ ಆ ಕಾಲದ ಚೆಂದದ ಫೈಟರುಗಳಲ್ಲಿ ಅದೂ ಒಂದು.

ಎಂಜಿನ್ನೇ ಇಲ್ಲದೆ 78 ಸಲ

ಇಷ್ಟೆಲ್ಲಾ ಕಾಗದದ ಮೇಲಾಯ್ತು. ಇದು ನಿಜವಾಗಿ ಹಾರುತ್ತಾ ಅಂತ ನೋಡೋದು ಹೇಗೆ? ಸಾಮಾನ್ಯವಾಗಿ ಸಣ್ಣ ಮಾದರಿ ಮಾಡಿ ವಿಂಡ್ ಟನಲ್ ಒಳಗಿಟ್ಟು ಗಾಳಿ ಬೀಸ್ತಾರೆ. ಆದ್ರೆ ಶಬ್ದಕ್ಕಿಂತ ಜೋರಾಗಿ ಗಾಳಿ ಬೀಸೋ ದೊಡ್ಡ ಟನಲ್, ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿರೋ 1.2 ಮೀಟರಿನದು, ಶುರುವಾಗಿದ್ದೇ 1967ರಲ್ಲಿ. ಹಂಗಾಗಿ ಟಾಂಕ್ ತಂಡ ಬೇರೆ ದಾರಿ ಹಿಡೀತು: ವಿಮಾನದ ಪೂರ್ತಿ ಸೈಜಿನ ಗ್ಲೈಡರ್ ಕಟ್ತು. ಮರದ್ದು. ಎರಡು ಸೀಟು, ಮಡಚೋ ಚಕ್ರ, ಕೆಲಸ ಮಾಡೋ ಫ್ಲಾಪು, ಏರ್‌ಬ್ರೇಕು, ಅಳತೆ ಆಕಾರ ಎಲ್ಲಾ ನಿಜವಾದ ವಿಮಾನದ್ದೇ, ಎಂಜಿನ್ ಒಂದಿಲ್ಲ ಅಷ್ಟೇ. ಡಕೋಟಾ ವಿಮಾನ ಅದಕ್ಕೆ ಹಗ್ಗ ಕಟ್ಟಿ ಎಳ್ಕೊಂಡು ಮೇಲೆ ಹೋಗೋದು, ಸಾಕಷ್ಟು ಎತ್ತರದಲ್ಲಿ ಕಳಚಿ ಬಿಡೋದು, ಪೈಲಟ್ ಅದನ್ನ ಜಾರಿಸ್ಕೊಂಡು ಬಂದು ಎಚ್‌ಎಎಲ್ ರನ್‌ವೇಯಲ್ಲಿ ಇಳಿಸೋದು. ಎಂಜಿನ್ ಇಲ್ಲ ಅಂದ ಮೇಲೆ ಇಳಿಯೋದು ತಪ್ಪಿದ್ರೆ ಮತ್ತೊಂದು ರೌಂಡ್ ಹೊಡೆದು ಬರೋ ಮಾತೇ ಇಲ್ಲ.

1959ರಿಂದ ಶುರುವಾಗಿ ಹೀಗೆ 78 ಹಾರಾಟ ಆಯ್ತು. 1960ರ ಮಾರ್ಚ್ 24ರಂದು ಮೂತಿಯ ಚಕ್ರ ಬಿಚ್ಚಿಕೊಳ್ಳದೆ ಇಳಿಯುವಾಗ ಗ್ಲೈಡರಿಗೆ ಜೋರು ಪೆಟ್ಟು ಬಿತ್ತು. ಅಷ್ಟರಲ್ಲಿ ಬೇಕಾದ್ದು ಬಹುಪಾಲು ಗೊತ್ತಾಗಿತ್ತು: ನಿಧಾನ ವೇಗದಲ್ಲಿ ವಿಮಾನ ಹೇಗೆ ನಡ್ಕೊಳ್ಳುತ್ತೆ, ಕಂಟ್ರೋಲ್ ಕೈಗೆ ಹೇಗೆ ಸಿಗುತ್ತೆ, ಇಳಿಯೋವಾಗ ಎಷ್ಟು ಕೆಳಗೆ ಕುಸಿಯುತ್ತೆ. ಶಬ್ದದ ವೇಗದಲ್ಲಿ ಏನಾಗುತ್ತೆ ಅಂತ ಗ್ಲೈಡರ್ ಹೇಳೋಕಾಗಲ್ಲ, ಅದಕ್ಕೆ ತಳ್ಳೋರು ಬೇಕು.

1961ರ ಜೂನ್ 17ಕ್ಕೆ ನಿಜವಾದ ವಿಮಾನ, ಬಿಆರ್-461 ನಂಬರಿನ ಮೊದಲ ಪ್ರೊಟೊಟೈಪ್, ಬೆಂಗಳೂರಿಂದ ಮೇಲೆದ್ದಿತು. ಹಾರಿಸಿದ್ದು ಸುರಂಜನ್ ದಾಸ್. ಓಲ್ಡ್ ಮದ್ರಾಸ್ ರೋಡಿಂದ ಎಚ್‌ಎಎಲ್ ಕಡೆ ಹೋಗೋರು ದಿನಾ ಟ್ರಾಫಿಕ್ಕಲ್ಲಿ ಸಿಕ್ಕಾಕೊಳ್ಳೋ ಸುರಂಜನ್ ದಾಸ್ ರೋಡ್ ಇದೆಯಲ್ಲ, ಅದು ಅವರ ಹೆಸರೇ. ವಾರ ಕಳೆದು 24ನೇ ತಾರೀಕು ರಕ್ಷಣಾ ಸಚಿವ ಕೃಷ್ಣ ಮೆನನ್ ಮುಂದೆ ಮತ್ತೆ ಹಾರಿಸಿ ತೋರಿಸಿದ್ರು. ಐದೇ ವರ್ಷದಲ್ಲಿ ಖಾಲಿ ಡ್ರಾಯಿಂಗ್ ಬೋರ್ಡಿಂದ ಆಕಾಶಕ್ಕೆ. ಯಾವ ದೇಶದ ಲೆಕ್ಕದಲ್ಲಿ ನೋಡಿದ್ರೂ ಇದು ಕಮ್ಮಿ ಸಾಧನೆ ಅಲ್ಲ.

ಬೇಕಾಗಿದ್ದ ಎಂಜಿನ್ ಒಂದು, ಸಿಕ್ಕಿದ್ದು ಇನ್ನೊಂದು

ವಿಮಾನಾನ ಡಿಸೈನ್ ಮಾಡಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್-12 ಎಂಜಿನ್ ನಂಬ್ಕೊಂಡು. ರೀಹೀಟ್ ಜೊತೆ ಒಂದೊಂದೂ ಸುಮಾರು 3,700 ಕಿಲೋ ಬಲದಿಂದ ತಳ್ಳಬೇಕಿತ್ತು. ಆ ಎಂಜಿನ್ ಆಗ ಇನ್ನೂ ಬೆಳೀತಾ ಇತ್ತು, ಬ್ರಿಟನ್ನಿಗೆ ಬೇಡ ಅನ್ನಿಸಿ ದುಡ್ಡು ಹಾಕೋದು ನಿಲ್ಲಿಸ್ತು. ಮುಗಿಸಬೇಕಂದ್ರೆ ಖರ್ಚು ನೀವು ಕೊಡಿ ಅಂತ ಕಂಪನಿ ಭಾರತಾನ ಕೇಳ್ತು, ದಿಲ್ಲಿ ಒಪ್ಪಲಿಲ್ಲ. ಆಗ ವಿದೇಶಿ ವಿನಿಮಯಕ್ಕೆ ದೇಶ ಒದ್ದಾಡ್ತಿದ್ದ ಕಾಲ ಅನ್ನೋದೂ ನಿಜ, ಆಮೇಲೆ ಆ ಉಳಿತಾಯ ದುಬಾರಿ ಆಯ್ತು ಅನ್ನೋದೂ ನಿಜ.

ಕೈಗೆ ಸಿಕ್ಕಿದ್ದು ಆರ್ಫಿಯಸ್-703. ಅದೇ ಕುಟುಂಬದ ಚಿಕ್ಕ ತಮ್ಮ, ಇದರ ಅಣ್ಣತಮ್ಮಂದಿರೇ ಪುಟ್ಟ ನ್ಯಾಟ್ ವಿಮಾನಾನೂ ಹಾರಿಸ್ತಿದ್ದಿದ್ದು. ರೀಹೀಟ್ ಇಲ್ಲ, ಒಂದೊಂದಕ್ಕೆ ಸುಮಾರು 2,200 ಕಿಲೋ. ಲೆಕ್ಕ ಹಾಕಿ: ತುಂಬಿದ ಮಾರುತ್ ತೂಕ ಹತ್ರತ್ರ 10,900 ಕಿಲೋ. ಎರಡು 703 ಸೇರಿ 4,400, ಅಂದ್ರೆ ತೂಕದ ನೂರಕ್ಕೆ ನಲವತ್ತರಷ್ಟು. ಎರಡು ಆರ್ಫಿಯಸ್-12 ಇದ್ದಿದ್ರೆ 7,400, ನೂರಕ್ಕೆ ಅರವತ್ತೆಂಟು. ಈ ವ್ಯತ್ಯಾಸಾನೇ ಮ್ಯಾಕ್ 2ರ ಕನಸನ್ನ ನುಂಗಿದ್ದು. ಮಟ್ಟಸವಾಗಿ ಹಾರುವಾಗ ಮಾರುತ್ ಶಬ್ದದ ವೇಗದ ಬಾಗಿಲವರೆಗೆ ಹೋಗಿ ಅಲ್ಲೇ ತಡವರಿಸ್ತಿತ್ತು.

ಹಂಗಂತ ಕೈ ಕಟ್ಕೊಂಡು ಕೂರಲಿಲ್ಲ. ಸೋವಿಯತ್ ಮಿಗ್-19ರಲ್ಲಿದ್ದ ಆರ್‌ಡಿ-9 ಜಾತಿಯ ಎಂಜಿನ್ ತರಿಸಿ ನೋಡಿದ್ರು, ಒಳಗೆ ಗಾಳಿಯ ಹರಿವು ಏರುಪೇರಾಗಿ ಎಂಜಿನ್ ಗುದ್ದಾಡೋದು, ಇದಕ್ಕೆ ಸರ್ಜ್ ಅಂತಾರೆ, ಜೊತೆಗೆ ಆಯಸ್ಸೂ ಕಮ್ಮಿ, ಬಿಟ್ರು.

ಆಮೇಲೆ ಬಂದಿದ್ದು ಈಜಿಪ್ಟ್, ಈ ಕತೇಲಿ ನನಗೆ ಭಾಳ ಇಷ್ಟವಾದ ಭಾಗ ಇದು. ಅಧ್ಯಕ್ಷ ನಾಸೆರ್ ಕಾಲದಲ್ಲಿ ಅವರೂ ಒಂದು ಜೆಟ್ ಫೈಟರ್ ಮಾಡ್ತಿದ್ರು, ಎಚ್‌ಎ-300. ಅದರ ಡಿಸೈನರ್ ಇನ್ನೊಬ್ಬ ಜರ್ಮನ್ ದಿಗ್ಗಜ ವಿಲ್ಲಿ ಮೆಸರ್‌ಶ್ಮಿಟ್, ಅಂದ್ರೆ ಯುದ್ಧಕಾಲದಲ್ಲಿ ಟಾಂಕ್ ಅವರ ಎದುರಾಳಿ ಕಂಪನಿಯವರು. ಎಂಜಿನ್ ಮಾಡ್ತಿದ್ದಿದ್ದು ಫರ್ಡಿನಾಂಡ್ ಬ್ರಾಂಡ್ನರ್ ಅನ್ನೋ ಆಸ್ಟ್ರಿಯಾದವರು, ಹೆಸರು ಇ-300. ಎಂಜಿನ್ ರೆಡಿ ಆಗದೆ ಅವರ ವಿಮಾನಾನೂ 1964ರ ಮಾರ್ಚ್ 7ರಂದು ಮೊದಲ ಸಲ ಹಾರಿದ್ದು ಅದೇ ಆರ್ಫಿಯಸ್-703 ಹಾಕ್ಕೊಂಡು, ಅದನ್ನ ಹಾರಿಸಿದ ಟೆಸ್ಟ್ ಪೈಲಟ್ ನಮ್ಮ ಏರ್‌ಫೋರ್ಸಿನ ಕಪಿಲ್ ಭಾರ್ಗವ! ನಾವು ಒಂದು ಮಾರುತ್‌ನೇ ಕೈರೋ ಪಕ್ಕದ ಹೆಲ್ವಾನ್‌ಗೆ ಕಳಿಸಿದ್ವಿ, ಒಂದು ಕಡೆ ಆರ್ಫಿಯಸ್, ಇನ್ನೊಂದು ಕಡೆ ಇ-300 ಕೂರಿಸಿ 1967ರ ಮಾರ್ಚಲ್ಲಿ ಅಲ್ಲೇ ಹಾರಿಸಿದ್ರು. ಮೂರೇ ತಿಂಗಳಿಗೆ ಇಸ್ರೇಲ್ ಜೊತೆ ಯುದ್ಧ, ಈಜಿಪ್ಟ್ ಸೋತು ಸುಣ್ಣವಾಯ್ತು, 1969ರಲ್ಲಿ ಪ್ರಾಜೆಕ್ಟೇ ಮುಚ್ತು. ಆ ದಾರೀನೂ ಬಂದ್.

ಉಳಿದಿದ್ದು ನಮ್ಮದೇ ಪ್ರಯತ್ನ. ಜೆಟ್ ಎಂಜಿನ್ ಸಂಶೋಧನೆ ಮಾಡೋ ಬೆಂಗಳೂರಿನ ಜಿಟಿಆರ್‌ಇ ಸಂಸ್ಥೆ 703ಕ್ಕೇ ರೀಹೀಟ್ ಜೋಡಿಸೋ ಕೆಲಸಕ್ಕೆ ಇಳೀತು, ಬಲ ನೂರಕ್ಕೆ ಹದಿನೆಂಟರಷ್ಟು ಏರ್ತು. ಆ ಎಂಜಿನ್ ಹಾಕಿದ ವಿಮಾನ 1970ರ ಜನವರಿ 10ರಂದು ಎಚ್‌ಎಎಲ್ ಏರ್‌ಪೋರ್ಟಲ್ಲಿ ಟೇಕಾಫ್ ಆದ ಕೂಡಲೇ ಬಿತ್ತು. ಒಳಗಿದ್ದಿದ್ದು ಸುರಂಜನ್ ದಾಸ್, ಆಗ ಗ್ರೂಪ್ ಕ್ಯಾಪ್ಟನ್. ಅವರು ಉಳೀಲಿಲ್ಲ. ರೀಹೀಟ್ ಮಾರುತ್ ಏರ್‌ಫೋರ್ಸ್ ಸೇರೋ ಹಂತಕ್ಕೆ ಬರಲೇ ಇಲ್ಲ.

ಬೇರೆ ಎಂಜಿನ್ ತಂದು ಹಾಕಿದ್ರೆ ಆಗಲ್ವಾ?

ಕಾರಿಗೆ ಬ್ಯಾಟರಿ ಬದಲಾಯಿಸಿದಂಗೆ ಇದು ನಡಿಯಲ್ಲ. ಒಬ್ಬರ ಅಳತೆಗೆ ಹೊಲಿದ ಬ್ಲೌಸನ್ನ ಇನ್ನೊಬ್ಬರಿಗೆ ಹಾಕ್ಸೋಕೆ ಹೋದಂಗೆ: ಒಂದು ಹೊಲಿಗೆ ಬಿಚ್ಚಿದ್ರೆ ಇನ್ನೊಂದು ಕಡೆ ಸುಕ್ಕು. ಹೊಸ ಎಂಜಿನ್ ದಪ್ಪ ಇದ್ರೆ ಬಾಲ ಅಗಲ ಮಾಡ್ಬೇಕು, ಬಾಲ ಅಗಲ ಆದ್ರೆ ಆ ಸೊಂಟದ ಲೆಕ್ಕ ಕೆಡುತ್ತೆ, ಎಳೆತ ಜಾಸ್ತಿ ಆಗುತ್ತೆ, ಗಳಿಸಿದ ಬಲ ಅದಕ್ಕೇ ಹೋಗುತ್ತೆ. ತೂಕ ಜಾಸ್ತಿ ಇದ್ರೆ ವಿಮಾನದ ಸಮತೋಲನ ಹಿಂದಕ್ಕೆ ವಾಲುತ್ತೆ. ಜಾಸ್ತಿ ಗಾಳಿ ಬೇಕಾದ್ರೆ ಪಕ್ಕದ ಮೂಗಿನ ಹೊಳ್ಳೆಗಳನ್ನ ದೊಡ್ಡದು ಮಾಡ್ಬೇಕು. ಇಂಧನದ ಪೈಪು, ವೈರಿಂಗು, ಬಿಸಿ ತಡೆಯೋ ಹೊದಿಕೆ ಎಲ್ಲಾ ಹೊಸದು. ಕೊನೆಗೆ ಟೆಸ್ಟ್ ಹಾರಾಟಾನ ಮೊದಲಿಂದ ಶುರು ಮಾಡ್ಬೇಕು.

ತೇಜಸ್ ವಿಷಯ ಇದಕ್ಕಿಂತ ಸ್ವಲ್ಪ ಬೇರೆ. ಅದಕ್ಕೂ ಸ್ವಂತ ಎಂಜಿನ್ ಅಂತ ಜಿಟಿಆರ್‌ಇ 1989ರಲ್ಲಿ ಕಾವೇರಿ ಶುರು ಮಾಡ್ತು, ತೂಕ ಜಾಸ್ತಿ ಬಲ ಕಮ್ಮಿ ಆಗಿ 2008ರಲ್ಲಿ ತೇಜಸ್‌ನಿಂದ ಬೇರೆ ಮಾಡಿದ್ರು. ಆದ್ರೆ ಮಾರುತ್‌ಗೆ ಬೇಕಾದ ಎಂಜಿನ್ ಪ್ರಪಂಚದಲ್ಲೇ ಹುಟ್ಟಲಿಲ್ಲ, ತೇಜಸ್‌ಗೆ ಬೇಕಾದ ಜಿಇ-404 ಇದೆ, ಅದನ್ನ ಹಾಕ್ಕೊಂಡೇ 2001ರ ಜನವರಿಯಲ್ಲಿ ತೇಜಸ್ ಮೊದಲ ಸಲ ಹಾರಿದ್ದು. ಈಗಿನ ತೊಂದ್ರೆ ಪೂರೈಕೆಯದ್ದು, ವಿಮಾನದ ಹಣೆಬರಹದ್ದಲ್ಲ.

ಹಾಗಾದ್ರೆ ಮಾರುತ್ ವೇಸ್ಟ್ ಆಯ್ತಾ?

ಇಲ್ಲ. ಅಷ್ಟರಲ್ಲಿ ಮ್ಯಾಕ್ 2 ಕೆಲಸಕ್ಕೆ ಮಿಗ್-21 ಬಂದಿತ್ತು, ಮಾರುತ್‌ನ ನೆಲದ ಮೇಲಿನ ಗುರಿಗಳನ್ನ ಹೊಡೆಯೋ ವಿಮಾನವಾಗಿ ಬಳಸಿದ್ರು. ಮೂತೀಲಿ ನಾಲ್ಕು 30 ಎಂಎಂ ಗನ್, ಜೊತೆಗೆ ಬಾಂಬು, ರಾಕೆಟ್ಟು. ಎರಡು ಸೀಟಿನ ಟ್ರೈನರ್ ಸೇರಿ ಒಟ್ಟು 147 ತಯಾರಾದ್ವು. 1967ರಲ್ಲಿ ಏರ್‌ಫೋರ್ಸಿನ 10ನೇ ಸ್ಕ್ವಾಡ್ರನ್, ಅಂದ್ರೆ ವಿಮಾನಗಳ ತುಕಡಿ, ಮಾರುತ್ ಹಾರಿಸೋಕೆ ಶುರು ಮಾಡ್ತು, ಆಮೇಲೆ 220 ಮತ್ತು 31ನೇ ಸ್ಕ್ವಾಡ್ರನ್. ನೆಲಕ್ಕೆ ಹತ್ರ, ಜೋರಾಗಿ, ಅಲುಗಾಡದೆ ಹಾರೋದ್ರಲ್ಲಿ ಪೈಲಟ್‌ಗಳಿಗೆ ಅದರ ಮೇಲೆ ಪ್ರೀತಿ ಇತ್ತು.

1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಿಂದ ಸಿಂಧ್ ಕಡೆಗೆ ಹೋಗಿ ರೈಲು, ಟ್ಯಾಂಕು, ತೋಪುಗಳನ್ನ ಹೊಡೆದ್ವು. ಕೆಳಗಿಂದ ಗುಂಡು ಬಿದ್ದು ಒಂದು ಎಂಜಿನ್ ನಿಂತೋದ್ರೂ ಇನ್ನೊಂದರಲ್ಲೇ ವಾಪಸ್ ಬಂದ ಉದಾಹರಣೆಗಳಿವೆ, ಎರಡು ಎಂಜಿನ್ ಇಟ್ಟಿದ್ದು ಅಲ್ಲಿ ಜೀವ ಉಳಿಸ್ತು. ಮಾರುತ್ ಪೈಲಟ್‌ಗಳಿಗೆ ಮೂರು ವೀರ ಚಕ್ರ ಬಂತು, ಆಕಾಶದ ಕಾಳಗದಲ್ಲಿ ಒಂದೂ ಮಾರುತ್ ಬೀಳಲಿಲ್ಲ. 1980ರ ದಶಕದಲ್ಲಿ ಸ್ಕ್ವಾಡ್ರನ್ನುಗಳು ಮಿಗ್-23ರ ಕಡೆ ಹೊರಳಿದ್ವು, ಮಾರುತ್ ಒಂದೊಂದಾಗಿ ಮನೆಗೆ ಹೋಯ್ತು.

ವಿಚಿತ್ರ ಅಂದ್ರೆ ಎಲ್ರೂ ಬೈಕೊಂಡ ಆರ್ಫಿಯಸ್ ಮಾರುತ್‌ಗಿಂತ ಜಾಸ್ತಿ ದಿನ ಬಾಳ್ತು. ಎಚ್‌ಎಎಲ್‌ನ ಕಿರಣ್ ಮಾರ್ಕ್-2 ಟ್ರೈನರ್ ಒಳಗೆ ಕೂತಿದ್ದು ಅದೇ ಕುಟುಂಬದ ಎಂಜಿನ್, ಹಗುರ ವಿಮಾನಕ್ಕೆ ಆ ಬಲ ಧಾರಾಳ. ಬೀದರ್‌ನಲ್ಲಿ ನೆಲೆ ಇದ್ದ, ಆಕಾಶದಲ್ಲಿ ಕಸರತ್ತು ತೋರಿಸೋ ಏರ್‌ಫೋರ್ಸಿನ ಸೂರ್ಯಕಿರಣ್ ತಂಡ 2011ರವರೆಗೆ ಹಾರಿಸಿದ್ದು ಆ ಕಿರಣ್‌ಗಳನ್ನೇ. ಯಲಹಂಕದ ಏರ್ ಶೋದಲ್ಲಿ ಅವತ್ತು ಅವು ಒಂಬತ್ತು ಒಟ್ಟಿಗೆ ತಲೆ ಮೇಲೆ ಹೋಗುವಾಗ ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ನೋಡಿದವ್ರು ಕೇಳಿದ ಸದ್ದು ಆರ್ಫಿಯಸ್‌ದೇ.